ಯಾರೂ ನೋಡದ ಜಿಲೇಬಿ

ನಮ್ಮ ಮನೆಯಲ್ಲಿ ಯಾವ ಕಾರ್ಯವೂ ನೆಟ್ಟಗೆ ನಡೆದದ್ದಿಲ್ಲ. ಅದರಲ್ಲೂ ಅಜ್ಜಿ ಇದ್ದ ಕಡೆ ಏನಾದರೊಂದು ಆಗಲೇಬೇಕು. ಅವಳು ತೀರಿಕೊಂಡ ಹನ್ನೊಂದನೇ ದಿನವೂ ಹಾಗೇ ಆಯಿತು.

ಜರಗನಹಳ್ಳಿಯ ನಮ್ಮ ಮನೆಯ ತಾರಸಿ ಮೇಲೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಇಟ್ಟು ಕಾಗೆಗೆ ಕಾಯುತ್ತಿದ್ದೆವು. ಕಾಗೆ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಮುಟ್ಟದಿದ್ದರೆ ಹೋದವರಿಗೆ ಏನೋ ಕೊರಗು ಉಳಿದಿದೆ ಅಂತ ಅರ್ಥ. ಗಂಟೆ ಒಂದಾಯಿತು, ಒಂದೂವರೆಯಾಯಿತು, ಕಾಗೆಯ ಸುಳಿವಿಲ್ಲ. ನನಗೆ ಕೂತರೂ ಆಗದು, ನಿಂತರೂ ಆಗದು. ನೀರಿನ ಟ್ಯಾಂಕಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಟ್ಯಾಂಕಿಗೆ ಸುಮ್ಮನೆ ಓಡಾಡುತ್ತಿದ್ದೆ. ಕೊರಗು ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ಹೋಗುವ ಎರಡು ದಿನ ಮುಂಚೆ ಅಜ್ಜಿ ಒಂದು ಜಿಲೇಬಿ ಕೇಳಿದ್ದಳು. "ಶುಗರ್ ಇದೆ, ಸುಮ್ನೆ ಮಲ್ಕೋ" ಅಂತ ಗದರಿಬಿಟ್ಟಿದ್ದೆ. ಅಲ್ಲಿಯವರೆಗೆ ಅವಳ ಸಿಹಿ ಕಳ್ಳತನಕ್ಕೆಲ್ಲ ಜೊತೆಗಾತಿ ನಾನೇ ಆಗಿದ್ದೆ.

ಸೋರುವ ನಲ್ಲಿ

ಹೊಲಗಳೆಲ್ಲ ಸೈಟಾಗಿ, ಸೈಟಿನಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಬಾಡಿಗೆಯವರನ್ನು ಆರಿಸುವುದು ಅಜ್ಜಿಯ ಇಲಾಖೆಯಾಯಿತು. ಒಮ್ಮೆ ಧಾರವಾಡ ಕಡೆಯ ಗಂಡ ಹೆಂಡತಿ ಮನೆ ನೋಡಲು ಬಂದರು. ಕೈಯಲ್ಲಿ ಪೇಡೆ ಡಬ್ಬಿ. ಅಜ್ಜಿ ಅವರ ಕೆಲಸ ಕೇಳಲಿಲ್ಲ, ಆಧಾರ್ ಕೇಳಲಿಲ್ಲ.

"ತಿಂಗಳಿಗೆ ಎಷ್ಟು ಸಲ ಊರಿಗೆ ಹೋಗ್ತೀರಾ?"

"ಎರಡು ಸಲ ಹೋಗ್ತೀವ್ರಿ."

"ಮನೆ ನಿಮ್ದೇ."

ಆಮೇಲೆ ಆ ಮನೆಯ ನಲ್ಲಿ ದಿನಾ ಸಂಜೆ ಸೋರತೊಡಗಿತು. ಅಜ್ಜಿ ನೋಡಿಕೊಂಡು ಬರಲು ಹೋಗುವಳು, ಅರ್ಧ ಗಂಟೆ ಬಿಟ್ಟು ಬರುವಳು. ನಾನು ಬಾಗಿಲಲ್ಲಿ ಕಾವಲು. ಅವಳ ಶುಗರ್ ಮೇಲೆ ಪೊಲೀಸರ ಹಾಗೆ ಕಣ್ಣಿಟ್ಟಿದ್ದ ಚಿಕ್ಕಮ್ಮ ಕೊನೆಗೆ ಪ್ಲಂಬರನ್ನೇ ಕರೆಸಿದರು. ಅವನು ನಲ್ಲಿಯನ್ನು ನಾಲ್ಕು ಸಲ ತಿರುಗಿಸಿ, ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಮುಖ ನೋಡಿದ.

"ನಲ್ಲಿ ಚೆನ್ನಾಗೈತೆ ಅಜ್ಜಿ. ಗಲ್ಲದ ಮೇಲೆ ಸಕ್ಕರೆ ಐತೆ, ಒರೆಸ್ಕೊಳ್ಳಿ."

ಚಾಡಿ ಹೇಳಿದ ಮೆಷಿನ್

ಅಜ್ಜಿಗೆ ಒಂದು ದೃಢವಾದ ನಂಬಿಕೆ ಇತ್ತು: ಯಾರೂ ನೋಡದ ಹಾಗೆ ತಿಂದರೆ ಶುಗರ್ ಏರುವುದಿಲ್ಲ. ಜಯನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ನಮ್ಮ ಟೋಕನ್ ಹದಿನೇಳು. ಎರಡು ನಡೆಯುತ್ತಿದ್ದಾಗಲೇ ಅಜ್ಜಿ ಎದ್ದು ನಿಂತಳು. ಪ್ರತಿ ಸಲ ಬಾಗಿಲು ತೆರೆದಾಗಲೂ ಒಳಗೆ ಇಣುಕಿ, "ಬೇಗ ಕಳಿಸಪ್ಪ, ಹಾಲಿನವನು ಬರ್ತಾನೆ" ಅನ್ನುವಳು. ತಡೆಯಲಾರದೆ ಡಾಕ್ಟರು ಹದಿನೇಳನ್ನು ಐದು ಮಾಡಿದರು. ಬೆರಳಿಗೆ ಸೂಜಿ ಚುಚ್ಚಿ, ಮೆಷಿನ್ ನೋಡಿ ಹುಬ್ಬೇರಿಸಿದರು.

"ಅಜ್ಜಿ, ಬೆಳಿಗ್ಗೆ ಸ್ವೀಟ್ ತಿಂದ್ರಾ?"

ಅಜ್ಜಿ ಡಾಕ್ಟರ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ ಕೆಂಡ ಕಾರಿದಳು.

"ಹೇಳ್ಬಿಟ್ಟೆ ಅಲ್ವೇನೇ?"

ಕಾಗೆ

ಇಂಥವಳಿಗೆ ಕೊನೆಯ ಜಿಲೇಬಿ ಇಲ್ಲವೆಂದವಳು ನಾನು. ಅದಕ್ಕೇ ಎಡೆಯಲ್ಲಿ ನಾಲ್ಕು ಇಟ್ಟಿದ್ದೆ. ಚಿಕ್ಕಮ್ಮ ಅಭ್ಯಾಸಬಲದಿಂದ ಎರಡನ್ನು ವಾಪಸ್ ಡಬ್ಬಿಗೆ ಹಾಕಿದ್ದರು.

ಎರಡು ಗಂಟೆಯಾದಾಗ ಒಬ್ಬೊಬ್ಬರೇ ಕೈಮುಗಿದು ಅಜ್ಜಿಗೆ ಮಾತು ಕೊಡತೊಡಗಿದರು. "ಅವ್ವ, ನಿನ್ನ ತೆಂಗಿನ ಮರ ಕಡಿಸಲ್ಲ" ಅಂದರು ಅಪ್ಪ. ಕಾಗೆ ಬರಲಿಲ್ಲ. "ಅವ್ವ, ಇನ್ಮೇಲೆ ಇಸ್ಪೀಟ್ ಆಡಲ್ಲ" ಅಂದರು ಚಿಕ್ಕಪ್ಪ. ಆಗಲೂ ಬರಲಿಲ್ಲ. ಸ್ವಲ್ಪ ತಡೆದು, "ಭಾನುವಾರ ಬಿಟ್ಟು" ಎಂದು ಸೇರಿಸಿದರು. ಎಲ್ಲರೂ ನಕ್ಕರು, ನನಗೆ ಮಾತ್ರ ಅಳು ಬಂತು. ಅಜ್ಜಿಗೆ ನಿಜಕ್ಕೂ ನನ್ನ ಮೇಲೆ ಸಿಟ್ಟೇ ಅನ್ನಿಸಿತು.

ಕಣ್ಣೊರೆಸಿಕೊಂಡು ನೋಡುತ್ತೇನೆ, ಎಲೆಯ ಸುತ್ತ ಹದಿನೈದು ಜನ ನಿಂತು ಜಿಲೇಬಿಯನ್ನೇ ದಿಟ್ಟಿಸುತ್ತಿದ್ದಾರೆ, ಮುಂದೆಯೇ ಚಿಕ್ಕಮ್ಮ. ಅಜ್ಜಿ ಹೀಗೆಲ್ಲಾದರೂ ತಿಂದಾಳೇ?

"ಎಲ್ರೂ ಕೆಳಗೆ ಹೋಗಿ" ಅಂದೆ.

"ಶಾಸ್ತ್ರ ನೋಡೋದು ಬೇಡ್ವೇನೇ?"

"ಚಿಕ್ಕಮ್ಮ, ಮೊದಲು ನೀವು ಹೋಗಿ!"

ಹಸಿದಿದ್ದರು, ಗೊಣಗುತ್ತಲೇ ಇಳಿದರು. ನಾನು ಹಿಂದಿನಂತೆಯೇ ಕಾವಲಿಗೆ ಟ್ಯಾಂಕಿನ ಹಿಂದೆ ಅಡಗಿದೆ. ಐದು ನಿಮಿಷ ಆಗಿರಲಿಲ್ಲ, ಕಾಗೆಯೊಂದು ಬಂದು ಗೋಡೆಯ ಮೇಲೆ ಕೂತಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಆಮೇಲೆ ಸೀದಾ ಜಿಲೇಬಿಗೆ ಬಾಯಿ ಹಾಕಿತು. ಎರಡನ್ನೂ ಮುಗಿಸಿ ಹಾರಿಹೋಯಿತು. ಮುದ್ದೆ, ಸೊಪ್ಪಿನ ಸಾರು ಹಾಗೇ ಇದ್ದವು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

ಕೆಳಗಿನಿಂದ ಚಿಕ್ಕಮ್ಮ ಕೂಗಿದರು. "ಮುಟ್ತೇನೇ?"

"ಮುಟ್ತು ಚಿಕ್ಕಮ್ಮ!"

"ಏನು ತಿಂತು?"

ನಾನು ಬೇಗ ಬೇಗ ಎಲೆಯ ಮೇಲಿನ ಜಿಲೇಬಿ ಚೂರುಗಳನ್ನು ಬಾಯಿಗೆ ಹಾಕಿಕೊಂಡು, ಮುದ್ದೆಯನ್ನು ಒಂದಿಷ್ಟು ಮುರಿದಿಟ್ಟೆ.

"ಮುದ್ದೆ ಚಿಕ್ಕಮ್ಮ. ಸ್ವೀಟ್ ಮೂಸಿನೂ ನೋಡ್ಲಿಲ್ಲ."