ರವಾನೆ ಪುಸ್ತಕದಲ್ಲಿ ಒಂದು ಸರ್ವರ್

ಜುಲೈ ಒಂಬತ್ತು, ಬುಧವಾರ. ಬೆಳಗಿನಿಂದ ಮೋಡ, ಒಸಿ ಗಾಳಿ, ಮಳೆ ಇಲ್ಲ.

ಕಚೇರಿಗಳಲ್ಲಿ ಸರ್ವರ್ ಕೂರಿಸುವುದು ನನ್ನ ಕೆಲಸ. ಯಂತ್ರಗಳು ನನಗೆ ಅಷ್ಟಾಗಿ ತೊಂದರೆ ಕೊಟ್ಟಿಲ್ಲ. ಅವುಗಳ ಸುತ್ತ ಕುರ್ಚಿ ಹಾಕಿಕೊಂಡು ಕೂತವರಿಂದಲೇ ಏನಾದರೊಂದು ನಡೆಯುತ್ತಿರುತ್ತದೆ. ಇವತ್ತು ಸಂಜೆ ರಾಮನಗರದಿಂದ ಚನ್ನಪಟ್ಟಣಕ್ಕೆ ಬಂದು ಇಳಿದಾಗ, ನನ್ನ ಮನೆಯ ಕೆಳಗಡೆ ಗೊಂಬೆ ಮಾಡುವ ಭಾಯಿ ತಮ್ಮ ಯಂತ್ರ ನಿಲ್ಲಿಸಿ ಕೂಗಿದರು.

“ಏನ್ ಸಾರ್, ಆರು ತಿಂಗಳ ಕೆಲ್ಸ ಮುಗೀತಾ? ಎಷ್ಟ್ ಕೊಟ್ರು?”

“ಮೊದಲಿಂದ ಹೇಳಿದರೆ ಅರ್ಥವಾಗುತ್ತದೆ” ಎಂದೆ.

“ಹಂಗಾದ್ರೆ ಕಮ್ಮಿನೇ ಕೊಟ್ಟವ್ರೆ, ಕೂತ್ಕೊಳಿ” ಎಂದು ಟೀ ತರಿಸಿದರು.

ಮರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ಕಡೆಯೂ ಕಾಲೇಜು ನಡೆಸುವ ಒಂದು ಸಂಸ್ಥೆ. ಅವರಿಗೆ ಒಂದೇ ಯಂತ್ರದಲ್ಲಿ ಎರಡು ಸರ್ವರ್ ಬೇಕಿತ್ತು. ಡೈರೆಕ್ಟರಿ ಸರ್ವರ್ ಎಂದರೆ ಯಾರು, ಯಾವ ಕಾಲೇಜು, ಪಾಸ್‌ವರ್ಡ್ ಏನು ಎಂದು ಬರೆದಿಟ್ಟುಕೊಳ್ಳುವಂಥದ್ದು. ಮೇಲ್ ಸರ್ವರ್ ಅದನ್ನು ಕೇಳಿಕೊಂಡು ಅಂಚೆ ಹಂಚುತ್ತದೆ. ಡೈರೆಕ್ಟರಿಯಲ್ಲಿ ಎಲ್ಲವೂ ಮರದ ಹಾಗೆ: ತುದಿಯಲ್ಲಿ ಸಂಸ್ಥೆ, ಅದರಡಿ ನಾಲ್ಕು ಕೊಂಬೆ. ಹಾಳೆಯ ಮೇಲೆ ಕನಕಪುರ ಮೊದಲು, ಮಾಗಡಿ ಕೊನೆಗೆ, ಹೀಗೆ ಒಂದರ ಕೆಳಗೊಂದು ಬರೆದು ತೋರಿಸಿದೆ.

ಮಾಗಡಿ ಪ್ರಿನ್ಸಿಪಾಲರು ಎದ್ದರು. “ಸಂಸ್ಥೆಯ ಮೊದಲನೇ ಕಾಲೇಜು ನಮ್ಮದು. ನಮ್ಮನ್ನ ಕನಕಪುರದೋರ ಕೆಳಗೆ ಹಾಕಿದೀರಲ್ಲ?”

“ನಾಲ್ಕೂ ಸಮಾನ ಸಾರ್. ಬರೆಯುವಾಗ ಯಾವುದಾದರೂ ಒಂದು ಕೊನೆಗೆ ಬರುತ್ತದೆ.”

“ಆ ಒಂದು ನಾವೇ ಯಾಕಾಗ್ಬೇಕು?”

ಇದರ ಮೇಲೆ ಮೂರು ಸಭೆ ನಡೆದವು. ನಾಲ್ಕನೆಯ ಸಭೆಯಲ್ಲಿ ಅದೇ ಹಾಳೆಯನ್ನು ಅಡ್ಡ ತಿರುಗಿಸಿ ಗೋಡೆಗೆ ಅಂಟಿಸಿದೆ. ನಾಲ್ಕು ಕಾಲೇಜೂ ಅಕ್ಕಪಕ್ಕ ನಿಂತವು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ, ಈಗ ಬಲತುದಿಗೆ ಬಂದಿದ್ದ ಕನಕಪುರದವರು ಮೆಲ್ಲಗೆ ಕೇಳಿದರು: “ಬಲಗಡೆ ತುದೀಲಿರೋರಿಗೆ ಊಟ ಕೊನೇಗೆ ಬರುತ್ತಲ್ವಾ?”

ಕಾವಲು

ನಾನು ಕೆಲಸ ಮಾಡುವುದು ಕರಿ ಪರದೆಯ ಮೇಲೆ, ಒಂದೊಂದೇ ಆಜ್ಞೆ ಟೈಪ್ ಮಾಡಿ. ಚಿತ್ರವಿಲ್ಲ, ಬಟನ್ ಇಲ್ಲ. ಕೆಲಸ ಶುರುವಾದ ದಿನವೇ ಇಣುಕಿದ ಸಂಸ್ಥೆಯ ಕಾರ್ಯದರ್ಶಿಗಳು ಗಾಬರಿಯಾದರು.

“ಬೇರೆಯೋರ ಕಂಪ್ಯೂಟರಲ್ಲಿ ಬಣ್ಣ ಇರುತ್ತೆ. ನೀವು ಕತ್ತಲಲ್ಲಿ ಏನ್ರೀ ಮಾಡ್ತಿದೀರಿ?”

ಮರುದಿನದಿಂದ ನನ್ನ ಪಕ್ಕದಲ್ಲಿ ಕಾವಲು. ಕಾವಲಿಗೆ ಕೂತವರು ರವಾನೆ ವಿಭಾಗದ ಗುಮಾಸ್ತರು. ಮಾಗಡಿ ಕಡೆ ಕಲ್ಯದವರು. ಸಂಸ್ಥೆಯಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ನಂಬರ್ ಹಾಕಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕಾರ್ಯದರ್ಶಿಗಳು ಅವರ ಎದುರಲ್ಲೇ ಹೇಳಿದರು: “ಮೇಲ್ ಶುರುವಾದ ದಿನ ರವಾನೆ ವಿಭಾಗ ಮುಚ್ತೀವಿ. ಅಲ್ಲೀವರೆಗೂ ಇವರು ಟೈಪ್ ಮಾಡಿದ್ದೆಲ್ಲ ಬರ್ಕೊಳ್ರಿ.”

ತಮ್ಮ ಕುರ್ಚಿ ಕೀಳುವ ಕೆಲಸವನ್ನು ಅವರು ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು.

“ಸಾ, ಇಲ್ಲಿ ಗೀಟು ಒಂದೋ ಎರಡೋ?”

“ಎರಡು.”

“ನಿಧಾನುಕ್ ಒಡೀರಿ ಸಾ. ನನ್ ಕೆಲ್ಸ ಓಗಾದು ಎಂಗೂ ಓಯ್ತದೆ, ತಪ್ಪಾಗ್ ಓಗೋದ್ ಬ್ಯಾಡ.”

ಉತ್ತರ ಬಂದಿಲ್ಲ

ಅವರು ಬಳಸಿದ್ದು ಹಳೆಯ ರವಾನೆ ಪುಸ್ತಕವನ್ನೇ. ‘ಯಾರಿಗೆ’ ಎಂಬಲ್ಲಿ ‘ಸರ್ವರ್‌ಗೆ’ ಎಂದು ಬರೆದರು. ‘ಉತ್ತರ’ ಎಂಬಲ್ಲಿ ದಿನವಿಡೀ ‘ಬಂದಿಲ್ಲ’, ‘ಬಂದಿಲ್ಲ’.

“ಈ ಯಂತ್ರ ಏನೂ ಹೇಳದಿದ್ದರೆ ಕೆಲಸ ಆಯಿತು ಅಂತ ಅರ್ಥ” ಎಂದು ತಿಳಿಸಿದೆ.

ಅವರು ಪೆನ್ನು ಕೆಳಗಿಟ್ಟರು. “ಮೂವತ್ ವರ್ಸದಿಂದ ಉತ್ತರ ಬರ್ದೇ ಇರೋ ಕಾಗ್ದ ಅದೆಷ್ಟ್ ಕಳ್ಸಿವ್ನೋ ನಾನು. ಅವೆಲ್ಲಾ ಆಗೋಗವೇನ್ ಸಾ ಅಂಗಾರೆ?”

ಬ್ಯಾಟರಿ

ಕೆಲಸ ಮುಗಿಯಲು ಎರಡು ದಿನ ಇತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೈಕ್ ಸೆಟ್ಟಿಗೆಂದು ಸರ್ವರ್ ಕೋಣೆಯ ಯುಪಿಎಸ್ ಬ್ಯಾಟರಿಗಳನ್ನು ಯಾರೋ ಹೊತ್ತುಕೊಂಡು ಹೋದರು. ಸ್ವಾಗತ ಭಾಷಣದ ನಡುವೆ ಕರೆಂಟು ಹೋಯಿತು. ಭಾಷಣ ನಿಲ್ಲಲಿಲ್ಲ. ಸರ್ವರ್ ನಿಂತಿತು, ಡಿಸ್ಕ್ ಸುಟ್ಟುಹೋಯಿತು.

ನಕಲು ಇಟ್ಟುಕೊಳ್ಳಲು ಇನ್ನೊಂದು ಡಿಸ್ಕ್ ಬೇಕೆಂದು ನಾನು ಎರಡು ಸಲ ಬರೆದುಕೊಟ್ಟಿದ್ದೆ. ಕಾರ್ಯದರ್ಶಿಗಳು ಅದರ ಮೇಲೆ ಷರಾ ಬರೆದಿದ್ದರು: ‘ಹಾಳಾದಾಗ ತರುವುದು.’

ಅವರೊಬ್ಬರನ್ನೇ ಬೈಯುವ ಹಾಗಿಲ್ಲ. ನನ್ನ ಟಿಪ್ಪಣಿಗಳೆಲ್ಲ ಅದೇ ಡಿಸ್ಕಿನಲ್ಲಿದ್ದವು. ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯಾಗುತ್ತದೆ.

“ನಮ್ ಕಸುಬೇ ವಾಸಿ ಸಾರ್” ಎಂದರು ಭಾಯಿ. “ಗೊಂಬೆ ಬಿದ್ರೆ ಎತ್ಕೋಬಹುದು.”

ಪುಸ್ತಕ

ಹೊಸ ಡಿಸ್ಕ್ ಬಂದ ದಿನ ಗುಮಾಸ್ತರು ರವಾನೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದರು. “ಎಲ್ಲಾ ಐತೆ ಸಾ.”

ನಿಜ. ಎಲ್ಲವೂ ಇತ್ತು, ನಾನು ಮಾಡಿದ ತಪ್ಪುಗಳೂ ಸೇರಿ. ನಂಬರ್ ನೂರಾ ಎಂಟರ ಮುಂದೆ, ‘ಇಲ್ಲಿ ಸಾಹೇಬರು ತಲೆ ಚಚ್ಚಿಕೊಂಡರು.’ ನೂರಾ ಒಂಬತ್ತರ ಮುಂದೆ, ‘ಹಿಂದಿನದು ರದ್ದು.’ ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಆರು ತಿಂಗಳ ಕೆಲಸ ನಾಲ್ಕು ದಿನಕ್ಕೆ ಮುಗಿಯಿತು. ಆ ಪುಸ್ತಕ ಕೊಡದೆ ಸುಮ್ಮನಿದ್ದಿದ್ದರೆ ಅವರ ಎರಡು ವರ್ಷ ನಿಶ್ಚಿಂತೆಯಾಗಿ ಕಳೆಯುತ್ತಿತ್ತು. ಅದನ್ನು ಅವರನ್ನೇ ಕೇಳಿಬಿಟ್ಟೆ.

“ಪುಸ್ತಕ್ದಲ್ಲಿರಾದ್ನ ಇಲ್ಲ ಅನ್ನಕಾಯ್ತದಾ?” ಎಂದರು.

ಲೆಕ್ಕ

ಇವತ್ತು ಮಧ್ಯಾಹ್ನ ಕಾರ್ಯದರ್ಶಿಗಳು ಹೊಸ ಸರ್ವರಿನ ಮೊದಲ ಮೇಲ್ ಬರೆಯಲು ಕೂತರು. ನಾವಿಬ್ಬರೂ ಹಿಂದೆ ನಿಂತಿದ್ದೆವು. ‘ರವಾನೆ ವಿಭಾಗವನ್ನು ಇಂದಿನಿಂದ ಮುಚ್ಚಲಾಗಿದೆ’ ಎಂದು ಬರೆದರು. ಗುಮಾಸ್ತರು ಕನ್ನಡಕ ಒರೆಸಿಕೊಂಡು ಆ ಸಾಲನ್ನು ಇನ್ನೊಂದು ಸಲ ಓದಿದರು.

ನಾನು ಹೆಚ್ಚು ಮಾತಾಡುವವನಲ್ಲ. “ಕಳಿಸಬೇಡಿ” ಎಂದೆ. “ಈ ಸರ್ವರ್ ಕಟ್ಟಿದ್ದು ಇವರ ಪುಸ್ತಕ. ಮತ್ತೆ ಹಾಳಾದರೆ ಇದನ್ನು ಓದಿ ಹೇಳಬಲ್ಲವರು ಇವರೊಬ್ಬರೇ. ಇವರನ್ನು ಸರ್ವರಿನ ಮೇಲ್ವಿಚಾರಣೆಗೆ ಹಾಕಿಕೊಳ್ಳಿ.”

ಕಾರ್ಯದರ್ಶಿಗಳು ಯೋಚಿಸಿದರು. “ಅಂದ್ರೆ ಮೊದಲನೇ ಸಲ ನೀವ್ ಮಾಡಿದ್ದು ಹಾಳಾಯ್ತು. ಎರಡನೇ ಸಲ ಮಾಡಿದ್ದು ಇವರ ಪುಸ್ತಕ.”

“ಹೌದು.”

“ಹಾಗಾದ್ರೆ ನೀವ್ ಮಾಡಿದ್ದೇನು?”

ಹಣದ ಬಗ್ಗೆ ನನಗೂ ಕಾರ್ಯದರ್ಶಿಗಳಿಗೂ ನಡುವೆ ಆಗಿದ್ದು ಬರೀ ಬಾಯಿಮಾತು, ಕರಾರಿನ ಕಾಗದವಿರಲಿಲ್ಲ. ಗುಮಾಸ್ತರು ನನ್ನ ಮುಖ ನೋಡಿದರು.

“ಟೈಪಿಂಗ್” ಎಂದೆ.

ಕಾರ್ಯದರ್ಶಿಗಳು ಬರೆದದ್ದನ್ನು ಅಳಿಸಿದರು. ಗುಮಾಸ್ತರ ಕುರ್ಚಿ ಉಳಿಯಿತು. ಆಮೇಲೆ ಕಾರ್ಯದರ್ಶಿಗಳು ನನಗೆ ಕೊಡಲೆಂದು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಟೈಪಿಂಗ್ ದರ ವಿಚಾರಿಸಿದರು. ಪುಟಕ್ಕೆ ಹತ್ತು ರೂಪಾಯಿ. ಪುಸ್ತಕದಲ್ಲಿ ಸರ್ವರಿನದು ನಲವತ್ತೊಂದು ಪುಟ.

ಭಾಯಿ ಟೀ ಲೋಟ ಕೆಳಗಿಟ್ಟರು. “ಆರು ತಿಂಗ್ಳಿಗೆ ನಾನೂರ ಹತ್ತು ರೂಪಾಯಾ ಸಾರ್?”

“ಇಲ್ಲ” ಎಂದೆ. “ವೋಚರ್ ಬರೆಯುವಾಗ ಗುಮಾಸ್ತರು ಪುಸ್ತಕ ತಿರುವಿ ನೋಡಿ, ‘ಕೊನೇ ಪುಟ ಅರ್ದನೇ ಐತೆ ಸಾ’ ಅಂದರು. ನಾನೂರ ಐದು.”