ಗೊಂಬೆ ಪೆಟ್ಟಿಗೆಯ ಬಹುಪಾದಿ

ಹುಳುಹುಪ್ಪಟೆಗಳ ವಿಷಯದಲ್ಲಿ ನಮ್ಮ ಒಂಟಿಕೊಪ್ಪಲಿನ ಬೀದಿಗೆಲ್ಲ ನಾನೇ ಪ್ರಮಾಣ. ಕಾಲು ಆರಿದ್ದರೆ ಜಿರಳೆ, ಎಂಟಿದ್ದರೆ ಜೇಡ, ಎಣಿಸುವಷ್ಟರಲ್ಲಿ ಮೈಮೇಲೆ ಹತ್ತಿದರೆ ಜರಿ. ಇದು ನನ್ನ ಶಾಸ್ತ್ರ. ಇದರಲ್ಲಿ ನಾನು ಎಂದೂ ಸೋತವನಲ್ಲ. ಪರೀಕ್ಷೆ ಮಾಡಿದವರೂ ಇರಲಿಲ್ಲ ಅನ್ನಿ.

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ನನ್ನ ಹೆಂಡತಿ ಸುಮತಿ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದಳು, ಅಂದರೆ ನನ್ನ ಕೈಲಿ ಇಳಿಸಿಸಿದಳು. ಸಂಜೆ ಬೀದಿಯ ಹೆಂಗಸರೆಲ್ಲ ಬರುವವರಿದ್ದರು. ಅವರು ಬರುವುದೇ ಸುಮತಿಯ ಅಜ್ಜಿ ಕೊಟ್ಟ ಪಟ್ಟದ ಗೊಂಬೆಗಳನ್ನು, ಆ ಮರದ ರಾಜ ರಾಣಿಯರನ್ನು ನೋಡಲು. ಸುಮತಿಯ ಜೀವವೇ ಆ ಜೋಡಿಯಲ್ಲಿದೆ.

ರಾಜರನ್ನು ಹಳೇ ಸೀರೆಯಿಂದ ಬಿಡಿಸಿ, ಪಕ್ಕಕ್ಕೆ ಮಲಗಿಸಿ, ಸೀರೆ ಕೊಡವಿದೆ. ಏನೋ ನೆಲಕ್ಕೆ ಬಿತ್ತು. ಕಪ್ಪಗೆ, ಅರ್ಧ ಬೆರಳುದ್ದ, ಎರಡೂ ತುದಿ ಮೇಲೆತ್ತಿಕೊಂಡು! ಕಾಲುಗಳಿಗಂತೂ ಲೆಕ್ಕವೇ ಇಲ್ಲ.

“ಜರಿ! ಅದ್ರಲ್ಲೂ ವಿಷದ ಜಾತಿ!” ಎಂದು ಘೋಷಿಸಿದೆ.

ಸುಮತಿ ಮಂಚ ಹತ್ತಿದಳು. ಪಕ್ಕದ ಮನೆಯ ಗಿರಿಜಮ್ಮ ಓಡಿಬಂದರು.

“ಅಲ್ಲಾಡ್ತಾನೇ ಇಲ್ವಲ್ಲ ಮೂರ್ತಿಯವರೇ?”

“ಸತ್ತಂಗೆ ನಟನೆ ಕಣ್ರೀ. ಅದೇ ಇದರ ಲಕ್ಷಣ!”

ಬೆವರು ಕಿತ್ತುಕೊಂಡಿತು. ಫ್ಯಾನ್ ಹಾಕಿದೆ. ಜರಿ ಓಡತೊಡಗಿತು! ಶಾಸ್ತ್ರ ಗೆದ್ದಿತು. ಚಪ್ಪಲಿಯಿಂದ ಒಂದೇಟು ಹಾಕಿದೆ. ಆದರೂ ಕಾಲಾಡಿಸಿತು. ಇನ್ನೊಂದೇಟು! ಸಾಲದೆಂದು ಫಿನಾಯಿಲ್ ಸುರಿದು, ಪೊರಕೆಯಿಂದ ಎತ್ತಿ ಕಕ್ಕಸಿಗೆ ಹಾಕಿ, ಶಾಸ್ತ್ರೋಕ್ತವಾಗಿ ನೀರು ಬಿಟ್ಟು ಬಂದೆ.

“ಸದ್ಯ, ನೀವಿದ್ರಿ!” ಎಂದರು ಗಿರಿಜಮ್ಮ. ನಾನು ಮೀಸೆ ತಿರುವಿದೆ.

ಅಷ್ಟರಲ್ಲಿ ಮಂಚ ಇಳಿದು ರಾಜರನ್ನು ಎತ್ತಿಕೊಂಡ ಸುಮತಿ ಚೀರಿದಳು.

“ರೀ! ರಾಜರ ಮೀಸೆ ಎಲ್ರೀ?”

ಅವಳ ಅಜ್ಜಿ ತಮ್ಮ ಚೌರಿಯ ಕೂದಲು ಕತ್ತರಿಸಿ, ನಡುವೆ ದಾರ ಬಿಗಿದು, ರಾಜರಿಗೆ ಅಂಟಿಸಿದ್ದ ಮೀಸೆ ಅದು. ಗೋಂದು ಒಣಗಿ ಉದುರಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನಮ್ಮ ರಾಜರು ಬೀಳಲೇ ಇಲ್ಲ, ಮೀಸೆ ಮಾತ್ರ ಒಳಚರಂಡಿ ಸೇರಿತ್ತು.

“ಅಜ್ಜಿ ಕೈಯಾರೆ ಮಾಡಿದ್ದನ್ನ ನೀರಿಗೆ ಬಿಟ್ಬುಟ್ರಲ್ರೀ!” ಎಂದು ಸುಮತಿ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ.

“ಕಾಡಿಗೇಲಿ ಬರೆದ್ರೆ?” ಎಂದೆ ಮೆಲ್ಲಗೆ.

ಗಿರಿಜಮ್ಮ ನನ್ನ ಮೂಗಿನ ಕೆಳಗೇ ನೋಡುತ್ತಿದ್ದರು. ಸುಮತಿಯೂ ಕಣ್ಣೊರೆಸಿಕೊಂಡು ಅಲ್ಲೇ ನೋಡತೊಡಗಿದಳು.

“ಹೊಂದುತ್ತೆ ಕಣಮ್ಮ,” ಎಂದರು ಗಿರಿಜಮ್ಮ. “ಕತ್ತರಿ ತಗೊಂಬಾ.”

ಸಂಜೆ ಬಂದವರೆಲ್ಲ ರಾಜರ ಮುಂದೆಯೇ ನಿಂತುಬಿಟ್ಟರು.

“ಈ ಸಲ ಮೀಸೆಗೆ ಏನ್ ಕಳೆ ಬಂದಿದೆ ಸುಮತಿ! ಒಂದೆರಡು ನರೆಗೂದಲೂ ಇದೆ ನೋಡು!”

ಸುಮತಿ ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. ಹಾಡು ಹೇಳಿ ಆರತಿ ಎತ್ತಿದರು. ನಾನು ಬೋಳು ತುಟಿಗೆ ಕರ್ಚೀಫು ಒತ್ತಿಕೊಂಡು ಕಡಲೆಕಾಳಿನ ಉಸಲಿ ಹಂಚುತ್ತಿದ್ದೆ. ಇಷ್ಟು ವರ್ಷ ಎಣ್ಣೆ ಹಚ್ಚಿ ಸಾಕಿದ ನನ್ನ ಮೀಸೆಗೆ ಒಂಟಿಕೊಪ್ಪಲಿನಲ್ಲಿ ಮರ್ಯಾದೆ ಸಿಕ್ಕಿದ್ದು ಅಂದೇ. ಅದೂ ನನ್ನ ಮುಖ ಬಿಟ್ಟ ಮೇಲೆ!