ಒಳಗೆ ಬಾರದೆ ಹೊರಗೆ ಹೋದ ಹೆಂಗಸು

ಇಷ್ಟಕ್ಕೆಲ್ಲ ಕಾರಣ ಗೇಟಿನ ಬಳಿ ಇಟ್ಟಿದ್ದ ಒಂದು ಉದ್ದನೆಯ ಪುಸ್ತಕ. ಯಾರದೋ ಸೈಕಲ್ಲು ಕಳುವಾಯಿತೆಂದು ಆ ಕಟ್ಟಡದ ನಿವಾಸಿಗಳ ಸಂಘ ಒಂದು ನಿಯಮ ಮಾಡಿತು: ಗೇಟು ದಾಟುವ ಪ್ರತಿಯೊಂದು ತಲೆಯನ್ನೂ ಬರೆದಿಡಬೇಕು. ಮಾರನೇ ದಿನ ಸೈಕಲ್ಲು ಮೆಟ್ಟಿಲ ಕೆಳಗೇ ಸಿಕ್ಕಿತು, ನಿಯಮ ಮಾತ್ರ ಉಳಿದುಬಿಟ್ಟಿತು. ಬರೆಯುವ ಕೆಲಸ ಕಾವಲಿನವನದು. ಅವನೋ, ಬರೆದದ್ದನ್ನು ಬಿಟ್ಟು ಬೇರೆ ಏನನ್ನೂ ನಂಬದ ಆಸಾಮಿ. ಬೆಕ್ಕು ಬಂದರೂ ಬರೆಯುತ್ತಿದ್ದ. "ಕಣ್ಣು ಸುಳ್ಳು ಹೇಳ್ತದೆ ಸಾರ್, ಪುಸ್ತಕ ಹೇಳಲ್ಲ" ಅನ್ನುವುದು ಅವನ ವೇದವಾಕ್ಯ.

ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಗುಮಾಸ್ತರಿದ್ದರು. ನೋಂದಣಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕಾಗದಗಳಿಗೆ ಸಹಿ ಹಾಕುವ ಉದ್ಯೋಗ. ಕಾಗದ, ಪೆನ್ನು ಒಟ್ಟಿಗೆ ಕಂಡರೆ ಸಾಕು, ತಲೆಯನ್ನು ಕೇಳದೆ ಕೈ ಓಡುತ್ತಿತ್ತು. ಒಮ್ಮೆ ಎದುರುಮನೆ ಹುಡುಗಿಯ ಮಾರ್ಕ್ಸ್ ಕಾರ್ಡಿಗೂ ಸಹಿ ಜಡಿದು, ಅವಳಪ್ಪನಿಂದ ಬೈಸಿಕೊಂಡಿದ್ದರು.

ಗುಮಾಸ್ತರಿಗೆ ಒಂದು ಗುಟ್ಟಿತ್ತು. ಹೆಣ್ಣುಡುಗೆ ತೊಟ್ಟು ಕನ್ನಡಿಯ ಮುಂದೆ ನಿಂತರೆ ಅವರ ಜೀವಕ್ಕೆ ಏನೋ ಹಾಯೆನಿಸುತ್ತಿತ್ತು. ಮದುವೆಯಾದ ವರ್ಷವೇ ಹೆಂಡತಿಗೆ ಹೇಳಿಕೊಂಡರು. ಆಕೆ ಹೊಲಿಗೆ ಟೀಚರು. ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ ಅಳತೆ ಟೇಪು ಹಿಡಿದು ಬಂದು, "ಕೆಂಪು ಬಣ್ಣ ನಿಮಗೆ ಒಪ್ಪಲ್ಲ ಕಣ್ರೀ, ನೀಲಿ ಹೊಲೀತೀನಿ, ನೆಟ್ಟಗೆ ನಿಂತ್ಕೊಳ್ಳಿ" ಅಂದಳು. ಅಂದಿನಿಂದ ನೀಲಿ ಗೌನು, ಕೂದಲಿನ ಟೋಪಿ ಎರಡೂ ಟ್ರಂಕಿನಲ್ಲಿದ್ದವು. ಪರದೆ ಎಳೆದ ಕೋಣೆಯನ್ನು ಬಿಟ್ಟು ಅವು ಹೊರಗೆ ಬಂದಿರಲಿಲ್ಲ. ಗುಮಾಸ್ತರಿಗೋ ಒಂದೇ ಒಂದು ಸಲ ಬಿಸಿಲಿನಲ್ಲಿ, ಬೀದಿಯಲ್ಲಿ, ಹೆಂಡತಿಯ ಕೈಗೆ ಕೈ ಸೇರಿಸಿಕೊಂಡು ಹಾಗೇ ನಡೆಯಬೇಕೆಂಬ ಆಸೆ. ಬೇರೆ ಇನ್ನೇನೂ ಅವರು ಕೇಳಿದವರಲ್ಲ.

ಕೊನೆಗೂ ಆಕೆ ಒಪ್ಪಿದಳು, ಆದರೆ ಷರತ್ತಿನ ಮೇಲೆ. "ಈ ಶನಿವಾರ ಸಂಜೆಯೇ ನಾನು ಅಕ್ಕನ ಮನೆಗೆ ಹೋಗ್ತೀನಿ. ಭಾನುವಾರ ಮೊದಲು ನೀವೊಬ್ಬರೇ ಹೋಗಿ ಬನ್ನಿ. ರಂಪ ಆಗದೆ ವಾಪಸ್ ಬಂದ್ರೋ, ಮುಂದಿನ ತಿಂಗಳು ನಾನೂ ಜೊತೆಗೆ ಬರ್ತೀನಿ. ರಂಪ ಆಯ್ತೋ, ಗೌನು ಟ್ರಂಕಿಗೆ, ಟ್ರಂಕಿಗೆ ಬೀಗ, ಬೀಗದ ಕೈ ಬಾವಿಗೆ."

ಹೋಗುವ ಮುಂಚೆ ಹಳೇ ಕ್ಯಾಲೆಂಡರಿನ ಹಿಂದೆ ಬುದ್ಧಿಮಾತುಗಳನ್ನೂ ಬರೆದಿಟ್ಟಳು. ಹಗಲಲ್ಲೇ ಹೋಗಿ, ಜನ ಇರೋ ಕಡೆಯೇ ಹೋಗಿ, ಸಂದಿಗೊಂದಿ ಬೇಡ. ಎರಡು ಸಲ ಗಡ್ಡ ಹೆರೆಯಿರಿ. ಹಿಮ್ಮಡಿ ಎತ್ತರದ ಚಪ್ಪಲಿ ಮುಟ್ಟಬೇಡಿ, ಮನೇಲಿ ಹಾಕಿ ನಡೆದು ಪಳಗಿದ ಚಪ್ಪಲಿಯೇ ಇರಲಿ. ನಿಮ್ಮ ವಯಸ್ಸಿನ ಹೆಂಗಸರು ತರಕಾರಿ ತರೋಕೆ ಹೇಗೆ ಹೋಗ್ತಾರೋ ಹಾಗಿರಿ, ಮದುವೆಗೆ ಹೊರಟವರ ಹಾಗಲ್ಲ. ಕೀರಲು ದನಿ ಮಾಡಬೇಡಿ, ಮೆತ್ತಗೆ, ನಿಧಾನಕ್ಕೆ, ನಾಲ್ಕೇ ಮಾತು. ಫೋನು ತುಂಬ ಚಾರ್ಜ್ ಇರಲಿ, ಎಲ್ಲಿದ್ದೀರಿ ಅಂತ ನನಗೆ ತಿಳಿಸ್ತಾ ಇರಿ. ಯಾರಾದರೂ ಕಾಟ ಕೊಟ್ಟರೆ ವಾದ ಬೇಡ, ಸೀದಾ ಒಂದು ಅಂಗಡಿ ಹೊಕ್ಕುಬಿಡಿ. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿತ್ತು: 'ತಲೆ ಎತ್ತಿ ನಡೀರಿ. ಕಳ್ಳನ ಹಾಗೆ ನಡೆದರೆ ಜನ ಕಳ್ಳ ಅಂತಲೇ ತಿಳ್ಕೋತಾರೆ.' ಪುಸ್ತಕದ ವಿಷಯ ಮಾತ್ರ ಪಾಪ, ಆಕೆಗೂ ಹೊಳೆದಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ನೀಲಿ ಗೌನಿನಲ್ಲಿ ಗುಮಾಸ್ತರು ತಲೆಯೆತ್ತಿ ಗೇಟಿಗೆ ಬಂದರು.

"ಯಾವ ಮನೆಯಿಂದ ಮೇಡಂ?" ಕಾವಲಿನವನು ಪೆನ್ನು ಹಿಡಿದು ನಿಂತಿದ್ದ.

ಮೆತ್ತಗೆ, ನಿಧಾನಕ್ಕೆ, ಗುಮಾಸ್ತರ ಬಾಯಿಗೆ ಸತ್ಯವೇ ಬಂತು: "ಎರಡನೇ ಮಹಡಿ, ಗುಮಾಸ್ತರ ಮನೆ."

ಅವನು ಬರೆದುಕೊಂಡ. ಗುಮಾಸ್ತರು ಬೀದಿಗೆ ಬಿದ್ದರು. ಯಾರೂ ತಿರುಗಿ ನೋಡಲಿಲ್ಲ! ಇದೇ ಅವರಿಗೆ ಮೊದಲ ಆಘಾತ. ಗಾಳಿ ಬೀಸಿತು, ಗೌನಿನ ಅಂಚು ಮೊಣಕಾಲಿಗೆ ತಾಗಿತು, ಉದ್ಯಾನದ ಬೆಂಚಿನ ಮೇಲೆ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು. ಕಾಫಿ ಅಂಗಡಿಯ ಬಾಗಿಲಲ್ಲಿ ಅವರ ಸ್ವಂತ ಮೇಲಧಿಕಾರಿಯೇ ಎದುರಾದರು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಇವರ ನಮಸ್ಕಾರಕ್ಕೆ ತಲೆಯಾಡಿಸದ ಮಹಾನುಭಾವ, ಬಾಗಿಲು ಹಿಡಿದು, "ಬನ್ನಿ ಬನ್ನಿ, ನೀವು ಮೊದಲು" ಎಂದರು! ಗುಮಾಸ್ತರು ಕಾಫಿ ಕುಡಿದು, ಹೆಂಡತಿಗೆ 'ಎಲ್ಲ ಕ್ಷೇಮ' ಎಂದು ಸಂದೇಶ ಕಳಿಸಿ, ಹನ್ನೆರಡೂವರೆಗೆ ಮನೆಗೆ ಬಂದರು. ಅಷ್ಟು ಸಂತೋಷ ಅವರಿಗೆ ಪ್ರಮೋಷನ್ ಬಂದ ದಿನವೂ ಆಗಿರಲಿಲ್ಲ. ಗೌನು, ಕೂದಲು ಟ್ರಂಕಿನೊಳಗಿಟ್ಟು ಬೀಗ ಹಾಕಿ, ಶರ್ಟು ಪ್ಯಾಂಟು ತೊಟ್ಟು, ಇನ್ನೇನು ಕಾಲು ಚಾಚಬೇಕು, ಬಾಗಿಲು ದಡದಡ ಬಡಿದ ಸದ್ದಾಯಿತು.

ಹೊರಗೆ ಅರ್ಧ ಕಟ್ಟಡವೇ ನಿಂತಿತ್ತು. ಮುಂದೆ ಸಂಘದ ಕಾರ್ಯದರ್ಶಿ, ನಿವೃತ್ತ ಡ್ರಿಲ್ ಮಾಸ್ತರು. ಅವರ ಪಕ್ಕದಲ್ಲಿ ಎದುರು ಸಾಲಿನ ದುರ್ಬೀನಕ್ಕ. ಯಾರ ಮನೆಯ ಪರದೆ ಎಷ್ಟು ಹೊತ್ತಿಗೆ ಸರಿಯಿತು ಎಂದು ನಿದ್ದೆಯಲ್ಲೂ ಹೇಳಬಲ್ಲವರೆಂದು ಜನ ಇಟ್ಟ ಹೆಸರು. ಹಿಂದೆ ಪುಸ್ತಕವನ್ನು ಎದೆಗವಚಿಕೊಂಡ ಕಾವಲಿನವನು.

"ಓದಯ್ಯಾ!" ಎಂದರು ಕಾರ್ಯದರ್ಶಿ.

"ಹತ್ತು ಗಂಟೆ ಐದು ನಿಮಿಷ. ಹೊರಗೆ: ಹೆಂಗಸು ಒಬ್ಬರು, ನೀಲಿ ಗೌನು, ಗುಮಾಸ್ತರ ಮನೆ. ಒಳಗೆ ಬಂದದ್ದು: ಇಲ್ಲ."

"ಒಳಗೆ ಬಾರದೆ ಹೊರಗೆ ಹೇಗೆ ಹೋದಳು? ಅಂದ್ರೆ ರಾತ್ರಿಯಿಂದ ಒಳಗೇ ಇದ್ಲು!" ದುರ್ಬೀನಕ್ಕ ಕೆನ್ನೆ ಕೆನ್ನೆ ಬಡಿದುಕೊಂಡರು. "ಶಿವ ಶಿವಾ! ಹೆಂಡ್ತಿ ಅತ್ಲಾಗೆ ಹೋಗಿದ್ದೇ ತಡ! ಇರುವೆಗೂ ದಾರಿ ಬಿಟ್ಟು ನಡೆಯೋ ಮನುಷ್ಯ ಅಂದ್ಕೊಂಡಿದ್ನಲ್ರೀ ನಾನು!"

"ಹನ್ನೆರಡೂವರೆಗೆ ಅದೇ ಹೆಂಗಸು ಒಳಗೆ," ಕಾವಲಿನವನು ಮುಂದುವರಿಸಿದ. "ಹೊರಗೆ ಹೋದದ್ದು: ಇನ್ನೂ ಇಲ್ಲ."

"ಎಲ್ಲಿ ಅವಳು? ಕರೀರಿ!"

"ಯಾ... ಯಾರೂ ಇಲ್ಲ ಸಾರ್," ಎಂದರು ಗುಮಾಸ್ತರು. ಅಷ್ಟೇ ಸಾಕಾಯಿತು. ಇಡೀ ತಂಡ ಒಳನುಗ್ಗಿತು. ಮಂಚದ ಕೆಳಗೆ, ಪರದೆಯ ಹಿಂದೆ, ಬಚ್ಚಲಿನಲ್ಲಿ ನೋಡಿದರು. ಯಾರೋ ಪುಣ್ಯಾತ್ಮರು ಫ್ರಿಜ್ಜನ್ನೂ ತೆರೆದು ನೋಡಿದರು. ಬಾಗಿಲ ಮೂಲೆಯಲ್ಲಿ ಹೆಣ್ಣು ಚಪ್ಪಲಿ, ಮೊಳೆಯಲ್ಲಿ ಹೆಣ್ಣು ಕೈಚೀಲ ಸಿಕ್ಕಿತು. ಕಾರ್ಯದರ್ಶಿಗಳ ಮುಖ ಬಿಳಿಚಿಕೊಂಡಿತು.

"ಚಪ್ಪಲಿ ಇದೆ, ಚೀಲ ಇದೆ, ಹೆಂಗಸು ಇಲ್ಲ. ಹೊರಗೂ ಹೋಗಿಲ್ಲ." ಅವರು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು. "ಗುಮಾಸ್ತರೇ... ಏನು ಮಾಡಿದ್ರಿ ಆಕೇನ?"

ಎಲ್ಲರ ಕಣ್ಣೂ ಬೀಗ ಹಾಕಿದ ಟ್ರಂಕಿನ ಮೇಲೆ ಬಿತ್ತು.

"ಅದನ್ನ ತೆಗೀರಿ."

"ಅದೊಂದು ಬೇಡ ಸಾರ್, ಕೈ ಮುಗೀತೀನಿ."

"ಅಯ್ಯಯ್ಯೋ ಕೊಲೆ!" ದುರ್ಬೀನಕ್ಕ ಕಿರುಚಿ, ಆ ಕಿರುಚಾಟದ ನಡುವೆಯೇ ಫೋನು ತೆಗೆದು ಗುಮಾಸ್ತರ ಹೆಂಡತಿಗೆ ಹಚ್ಚಿದರು. "ಕೂಡಲೇ ಹೊರಟು ಬಾರಮ್ಮಾ, ನಿನ್ನ ಗಂಡ ಒಂದು ಹೆಂಗಸನ್ನ ತಂದಿಟ್ಕೊಂಡು ಮುಗಿಸೇಬಿಟ್ಟಿದ್ದಾರೆ!" ಅತ್ತ ಕಾರ್ಯದರ್ಶಿ ಪೊಲೀಸರ ನಂಬರು ಒತ್ತತೊಡಗಿದ್ದರು.

ರಂಪ ಆಗಿಹೋಯಿತು. ಸುಮ್ಮನಿದ್ದರೆ ಕೊಲೆಗಡುಕ, ಬಾಯಿಬಿಟ್ಟರೆ ಇಷ್ಟು ವರ್ಷದ ಗುಟ್ಟು ರಟ್ಟು. ಕ್ಯಾಲೆಂಡರಿನ ದಪ್ಪಕ್ಷರ ಕಣ್ಣ ಮುಂದೆ ಬಂತು. ತಲೆ ಎತ್ತಿದರು.

"ಆ ಹೆಂಗಸು ನಾನೇ. ಗೌನು ಹಾಕ್ಕೊಂಡು ಹೋಗಿದ್ದು ನಾನೇ. ನನಗೆ ಅದು ಇಷ್ಟ. ಯಾರಿಗೂ ಏನೂ ತೊಂದರೆ ಮಾಡಿಲ್ಲ."

ಇಡೀ ಕೋಣೆ ಗೊಳ್ಳೆಂದು ನಕ್ಕಿತು.

"ನೀವಾ?" ದುರ್ಬೀನಕ್ಕನ ಕಣ್ಣಲ್ಲಿ ನೀರೇ ಬಂತು. "ನಾನು ಕಿಟಕಿಯಿಂದ ಕಣ್ಣಾರೆ ಕಂಡಿದ್ದೀನ್ರೀ! ಆ ಗತ್ತೇನು, ನಡಿಗೆಯೇನು! ನೀವು ಕೊಡೆ ಮಡಚೋಕೂ ತಡವರಿಸ್ತೀರಿ."

ಇಷ್ಟು ವರ್ಷ ಬಚ್ಚಿಟ್ಟ ಗುಟ್ಟನ್ನು ಹೇಳಿದರೆ ಯಾರೂ ನಂಬದೇ ಹೋದರಲ್ಲ! ಗುಮಾಸ್ತರಿಗೆ ಅವಮಾನವಾಯಿತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ. "ಹತ್ತು ನಿಮಿಷ ಕೊಡಿ, ತೋರಿಸ್ತೀನಿ," ಎಂದು ಟ್ರಂಕನ್ನು ಕೋಣೆಯೊಳಗೆ ಎಳೆದುಕೊಂಡು ಚಿಲಕ ಹಾಕಿದರು. ಸೆಕೆ ತಾಳಲಾರದೆ ಬಾಲ್ಕನಿಯ ಬಾಗಿಲು ತೆರೆದರು. ಅದೇ ಆಗಬಾರದಿತ್ತು.

ನೀಲಿ ಗೌನಿನಲ್ಲಿ, ಬರಿಗಾಲಲ್ಲಿ ಹೊರಗೆ ಬಂದರು.

"ಸಿಕ್ಕಿದ್ಲು!" ಕಾರ್ಯದರ್ಶಿ ಕೂಗಿದರು. "ಜೀವಂತ ಇದಾರೆ! ಟ್ರಂಕಿನಲ್ಲಿ ತುರುಕಿದ್ದ, ಪಾಪಿ!"

"ಸಾರ್, ನಾನೇ ಸಾರ್, ಗುಮಾಸ್ತ..."

"ಅಯ್ಯೋ ಪಾಪ, ಉಸಿರು ಕಟ್ಟಿ ಗಂಟಲು ಗಂಡಸರ ಹಾಗೆ ಆಗಿಬಿಟ್ಟಿದೆ!" ದುರ್ಬೀನಕ್ಕ ಓಡಿಬಂದು ತಬ್ಬಿಕೊಂಡರು. "ನೀರು ತನ್ನಿ ಯಾರಾದ್ರೂ! ಮಾತಾಡ್ಬೇಡಿ ತಾಯಿ."

ಕಾರ್ಯದರ್ಶಿ ಅಷ್ಟರಲ್ಲಿ ಕೋಣೆ ಹೊಕ್ಕು, ತೆರೆದ ಬಾಲ್ಕನಿ, ಅದರ ಪಕ್ಕದ ನೀರಿನ ಪೈಪು ನೋಡಿ ಬಂದಿದ್ದರು. "ಪೈಪು ಹಿಡಿದು ಇಳಿದು ಓಡಿಹೋದ! ಹತ್ತು ನಿಮಿಷ ಕೇಳಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಇನ್ನು ಉಳಿದದ್ದು ಒಂದೇ ದಾರಿ. ಗುಮಾಸ್ತರು ಕೂದಲಿಗೆ ಕೈ ಹಾಕಿದರು. ಅಷ್ಟರಲ್ಲಿ ಕಾರ್ಯದರ್ಶಿಗಳ ಮಾತು ಕೇಳಿಸಿಕೊಳ್ಳುತ್ತ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಟ್ಯಾಕ್ಸಿ ಹಿಡಿದು ಏದುಸಿರು ಬಿಡುತ್ತ. ಒಂದು ಸಲ ಜನರನ್ನು ನೋಡಿದಳು, ಒಂದು ಸಲ ಗೌನನ್ನು ನೋಡಿದಳು. ಗುಮಾಸ್ತರ ಕೈ ಅಲ್ಲೇ ನಿಂತಿತು.

"ಅಯ್ಯೋ, ಅತ್ತಿಗೆ! ಏನಿದು ನಿಮ್ಮ ಅವಸ್ಥೆ?" ಎಂದಳು ಮಹಾತಾಯಿ. "ಇವರು ನಮ್ಮೆಜಮಾನರ ಸ್ವಂತ ಅಕ್ಕ ಕಣ್ರೀ! ರಾತ್ರಿ ಬಸ್ಸು ಹಿಡಿದು ಬೆಳಗ್ಗೆ ಬಂದಿಳಿದಿದ್ದಾರೆ."

ಸಿಡಿಲು ಹೊಡೆದ ಹಾಗಾಯಿತು ಎಲ್ಲರಿಗೂ. "ಮತ್ತೆ ಪುಸ್ತಕದಲ್ಲಿ..." ಎಂದ ಕಾವಲಿನವನು.

"ಬೆಳಗ್ಗೆ ಆರು ಗಂಟೆಗೆ ನೀವು ಎಲ್ಲಿದ್ರಿ?"

"ಟೀ ಕುಡಿಯೋಕೆ..." ಅವನ ದನಿ ಇಳಿಯಿತು.

"ಇವರು ಒಳಗೆ ಬಂದಿದ್ದು ಆಗಲೇ. ಇನ್ನು ಇಷ್ಟು ಜನ ಹೀಗೆ ಬಾಗಿಲು ಬಡಿದ್ರೆ ಅಪರಿಚಿತ ಊರಲ್ಲಿ ಯಾರಾದ್ರೂ ಹೆದರಿ ಬಚ್ಚಿಟ್ಕೊಳ್ಳಲ್ವಾ? ನಮ್ಮನೆಯವರು ಅಕ್ಕನ ಮಾನ ಉಳಿಸೋಕೆ ಬಾಯಿಗೆ ಬಂದದ್ದು ಹೇಳಿ, ನನ್ನನ್ನ ಕರ್ಕೊಂಡು ಬರೋಕೆ ಹೋಗಿರ್ತಾರೆ. ಬಾಗಿಲು ತುಂಬಾ ನೀವೇ ನಿಂತಿದ್ರೆ ಪೈಪಲ್ಲದೆ ಇನ್ನೆಲ್ಲಿಂದ ಇಳೀಬೇಕು?"

ಕಾರ್ಯದರ್ಶಿ ಪೊಲೀಸರಿಗೆಂದು ತೆಗೆದ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು. ದುರ್ಬೀನಕ್ಕ ಬಾಯಿಗೆ ಕೈ ಇಟ್ಟುಕೊಂಡರು. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

ಅಡುಗೆಮನೆಯಲ್ಲಿ ಹೆಂಡತಿ ಪಿಸುಗುಟ್ಟಿದಳು: "ಈಗ ಅಕ್ಕ ಹೊರಗೆ ಹೋಗ್ಬೇಕು, ತಮ್ಮ ಒಳಗೆ ಬರ್ಬೇಕು. ನಾಲ್ಕು ಗಂಟೆ ಬಸ್ಸಿಗೆ ಊರಿಗೆ ಹೊರಟ್ರು ಅಂತ ಹೇಳ್ತೀನಿ. ನಿಮ್ಮ ಪ್ಯಾಂಟು ಶರ್ಟು ಚೀಲಕ್ಕೆ ಹಾಕಿದ್ದೀನಿ. ಬೀದಿ ಮೂಲೆಯ ನನ್ನ ಹೊಲಿಗೆ ಕ್ಲಾಸಿನಲ್ಲಿ ಬದಲಾಯಿಸ್ಕೊಂಡು ಬಂದ್ಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಆದರೆ ಅತಿಥಿಗೆ ಮಾಡಿದ ಅಪಚಾರ ಸಂಘವನ್ನು ಸುಮ್ಮನೆ ಬಿಡಲಿಲ್ಲ. "ಒಬ್ಬರೇ ಹೋಗೋದಾ? ಸಾಧ್ಯವೇ ಇಲ್ಲ!" ಎಂದು ಕಾರ್ಯದರ್ಶಿ ಚೀಲ ಕಸಿದುಕೊಂಡರು. ಇಡೀ ಕಟ್ಟಡ ಮೆರವಣಿಗೆಯಲ್ಲಿ ಬಸ್ ನಿಲ್ದಾಣಕ್ಕೆ ಹೊರಟಿತು. ಹೊಲಿಗೆ ಕ್ಲಾಸು ಬಂತು, ಹೋಯಿತು. ಹೆಂಡತಿ ಬಾಯಿಗೆ ಬಂದಂತೆ ಹೇಳಿದ ಊರಿಗೆ ಕಾರ್ಯದರ್ಶಿಗಳೇ ಟಿಕೆಟ್ ತಂದು, ಮಧ್ಯೆ ಎಲ್ಲೂ ನಿಲ್ಲದ ಬಸ್ಸಿನ ಕಿಟಕಿ ಪಕ್ಕ ಗುಮಾಸ್ತರನ್ನು ಕೂರಿಸಿದರು. ಪಕ್ಕದ ಸೀಟಿಗೆ ಧಪ್ಪೆಂದು ಬಂದು ಕೂತವರು ದುರ್ಬೀನಕ್ಕ. "ನನ್ನ ಮಗಳ ಮನೆಯೂ ಅದೇ ಊರು! ಹೇಗೂ ಹೋಗ್ಬೇಕಿತ್ತು. ಐದು ಗಂಟೆ ದಾರಿ, ಮಾತಾಡ್ತಾ ಹೋಗೋಣ."

ಆಗ ಹೆಂಡತಿ ಕಿಟಕಿಯ ಹತ್ತಿರ ಬಂದಳು. ನಗು ತಡೆದೂ ತಡೆದೂ ಅವಳ ಮುಖ ಕೆಂಪಾಗಿತ್ತು. ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದಳು: "ಏನಾದ್ರೂ ಆಗ್ಲಿ ಕಣ್ರೀ, ಇಷ್ಟು ಜನರ ಮುಂದೆ ತಲೆ ಎತ್ತಿ ನಿಂತ್ರಲ್ಲ. ಮುಂದಿನ ತಿಂಗಳು ನಾನೂ ಬರ್ತೀನಿ."

ಅಷ್ಟು ಕೇಳಿದ್ದೇ, ಗುಮಾಸ್ತರ ಕಣ್ಣು ತುಂಬಿ ಬಂತು. ಬಸ್ಸು, ದುರ್ಬೀನಕ್ಕ, ಐದು ಗಂಟೆ ದಾರಿ ಯಾವುದೂ ಕಾಣಿಸಲಿಲ್ಲ. ಬಿಸಿಲು, ಬೀದಿ, ಕೈಗೆ ಕೈ, ಅಷ್ಟೇ ಕಂಡಿತು. ಅಷ್ಟರಲ್ಲಿ ಕಾವಲಿನವನು ಏದುತ್ತ ಓಡಿ ಬಂದು ಕಿಟಕಿಯೊಳಗೆ ಪುಸ್ತಕ ತೂರಿಸಿದ.

"ಗಲಾಟೇಲಿ ಹೊರಗೆ ಹೋದದ್ದು ಬರೆಯೋದೇ ಬಿಟ್ಟುಹೋಯ್ತು ಮೇಡಂ. ಇನ್ಮೇಲೆ ನಾನು ಬರೆಯಲ್ಲ, ಅತಿಥಿಗಳ ಕೈಯಲ್ಲೇ ಬರೆಸ್ತೀನಿ. ಇಲ್ಲೊಂದು ಸಹಿ."

ಕಾಗದವೂ ಇತ್ತು, ಪೆನ್ನೂ ಇತ್ತು. ಕೈ ಓಡಿತು. ಪೂರ್ತಿ ಹೆಸರು, ಕೆಳಗೊಂದು ಗೆರೆ, ಅದರ ಕೆಳಗೆ 'ಗುಮಾಸ್ತ, ನೋಂದಣಿ ಕಚೇರಿ.' ಪುಸ್ತಕ ಮುಚ್ಚಿ ಕೊಟ್ಟು, ಕಣ್ಣೊರೆಸಿಕೊಂಡು, ಹೆಂಡತಿಯತ್ತ ಕೈ ಬೀಸಿದರು. ಬಸ್ಸು ಹೊರಟಿತು.

ಹತ್ತು ಮಾರು ಹೋದ ಮೇಲೆ ಅವರಿಗೆ ತಾನೇನು ಬರೆದೆ ಎಂಬುದು ಹೊಳೆಯಿತು.

ತಿರುಗಿ ನೋಡಿದರು. ಕಾವಲಿನವನು ಪುಸ್ತಕ ತೆರೆದು ಒಂದು ಸಲ ಓದಿದ, ಬೆರಳಿಟ್ಟು ಇನ್ನೊಂದು ಸಲ ಓದಿದ, ಬಾಯಿ ತೆರೆದುಕೊಂಡು ಬಸ್ಸಿನತ್ತ ನೋಡಿದ. ಬರೆದದ್ದನ್ನು ಅವನು ನಂಬದೆ ಇರುವವನಲ್ಲ. ಹೆಂಡತಿ ಪುಸ್ತಕ ಕಿತ್ತುಕೊಳ್ಳಲು ಧಾವಿಸುವಷ್ಟರಲ್ಲಿ ಅದು ಕಾರ್ಯದರ್ಶಿಗಳ ಕೈ ಸೇರಿತ್ತು.

"ಯಾಕೆ ಹೀಗೆ ಬೆವರ್ತಿದ್ದೀರಿ ತಾಯಿ?" ದುರ್ಬೀನಕ್ಕ ಬೀಸಣಿಗೆ ತೆಗೆದರು. ಅಷ್ಟರಲ್ಲಿ ಅವರ ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು. "ಕಾರ್ಯದರ್ಶಿಗಳು! ಈಗ ತಾನೆ ಬಸ್ ಹತ್ತಿಸಿದ್ರು, ಅಷ್ಟರಲ್ಲೇ ಏನಂತೆ?" ಎನ್ನುತ್ತ ಕಿವಿಗಿಟ್ಟುಕೊಂಡರು.

ಬಸ್ಸು ಇನ್ನು ನಿಲ್ಲುವುದು ಐದು ತಾಸು ಕಳೆದ ಮೇಲೆ.